ಮೊದಲು ಕಿವಿಗೆ, ಆಮೇಲೆ ಕೈಗೆ: ಹತ್ತನೇ ತರಗತಿಯ ಇಂಗ್ಲಿಷ್ ಕಲಿಸುತ್ತ ಕಲಿತ ಪಾಠಗಳು

ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಫ್ರೆಂಚ್ ಆರಿಸಿಕೊಳ್ಳುತ್ತಾರೆ. ನಮ್ಮ ರಾಜ್ಯದ ಪಿಯುಸಿಯಲ್ಲೂ ಫ್ರೆಂಚ್ ಒಂದು ಭಾಷಾ ವಿಷಯ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಕನ್ನಡ ಸಾಲಿಯ ಹುಡುಗರಿಗೆ ಫ್ರೆಂಚಿನ ಗೊಡವೆ ಇಲ್ಲ. ಆದರೆ ಮನೆಯಲ್ಲಿ ಯಾರೂ ಆಡದ, ಸಂತೆಯಲ್ಲಿ ಕಿವಿಗೆ ಬೀಳದ, ಪರೀಕ್ಷೆ ಹಾಲಿನಲ್ಲಿ ಮಾತ್ರ ಎದುರಾಗುವ ಭಾಷೆ ಅವರಿಗೂ ಒಂದಿದೆ: ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ ವರದಿ ಈ ನಾಲ್ಕೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತ್ತು. ಇದೇ ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ಬಂದವನು ನಾನು. ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಈ ಕಡೆ ನೇಮಕವಾಗಿ ಬರುವ ಶಿಕ್ಷಕರಿಗೆ ನೆರವಾದೀತು.

1. ಸೊನ್ನೆಯಿಂದ ಶುರುಮಾಡಲು ಸಂಕೋಚ ಬೇಡ

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಕಾಗದದ ಲೆಕ್ಕದಲ್ಲಿ ಎಂಟನೇ ತರಗತಿಗೆ ಬರುವ ಮಗು ಏಳು ವರ್ಷ ಇಂಗ್ಲಿಷ್ ಕಲಿತಿರಬೇಕು. ಕೊಠಡಿಯೊಳಗೆ ನಿಂತು ನೋಡಿದರೆ ಅರ್ಧಕ್ಕರ್ಧ ಮಕ್ಕಳು ಅಕ್ಷರ ಗುರುತಿಸುತ್ತಾರೆ, ಪದ ಓದುವುದಿಲ್ಲ. ಓದುವವರಲ್ಲೂ ಅರ್ಥ ತಿಳಿದು ಓದುವವರು ಕೆಲವರೇ. ಅಂಥ ಮಗುವಿನ ಕೈಗೆ ಹತ್ತನೇ ತರಗತಿಯಲ್ಲಿ ಶೇಕ್ಸ್‌ಪಿಯರ್‌ನ ಕರುಣೆಯ ಪದ್ಯ ಬರುತ್ತದೆ.

ಫ್ರೆಂಚ್ ಕಲಿಸುವವರ ಕ್ರಮ ನೋಡಿ. ಎದುರಿಗಿರುವ ಮಗುವಿಗೆ ಒಂದು ಅಕ್ಷರವೂ ಬರುವುದಿಲ್ಲ ಎಂದು ಒಪ್ಪಿಕೊಂಡೇ ಅವರು ಶುರುಮಾಡುತ್ತಾರೆ. ಹೆಸರು ಹೇಳುವುದು, ಊರು ಹೇಳುವುದು, ಎಣಿಸುವುದು, ಬೇಕಾದದ್ದು ಕೇಳುವುದು. ಫ್ರಾನ್ಸ್ ಸರ್ಕಾರ ಕೊಡುವ ಡೆಲ್ಫ್ ಪ್ರಮಾಣಪತ್ರದ ಪರೀಕ್ಷೆ ಎ1, ಎ2, ಬಿ1, ಬಿ2 ಎಂದು ಮೆಟ್ಟಿಲು ಮೆಟ್ಟಿಲಾಗಿದೆ. ಪ್ರತಿ ಮೆಟ್ಟಿಲಲ್ಲೂ ಕೇಳುವುದಕ್ಕೆ 25, ಓದುವುದಕ್ಕೆ 25, ಬರೆಯುವುದಕ್ಕೆ 25, ಮಾತಾಡುವುದಕ್ಕೆ 25 ಅಂಕ. ನಮ್ಮ ದ್ವಿತೀಯ ಭಾಷೆಯ 100ರಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, ಉಳಿದ 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಕಿವಿಗೂ ಬಾಯಿಗೂ ಪಾಲಿಲ್ಲ. ಹಾಗಾಗಿ ಮೂರು ವರ್ಷ ಬರೆಸುವುದೊಂದೇ ನಡೆಯುತ್ತದೆ. ಕೇಳದ ಭಾಷೆಯನ್ನು ಮಗು ಬರೆಯುವುದಾದರೂ ಹೇಗೆ?

ಎಂಟನೇ ತರಗತಿಯ ಸೇತುಬಂಧ ದಿನಗಳನ್ನು ನಾನು ಪೂರ್ತಿ ಇದಕ್ಕೇ ಇಡುತ್ತೇನೆ. ಪುಸ್ತಕ ತೆರೆಸುವುದಿಲ್ಲ. ಹೆಸರು, ಮನೆ, ದನ, ಹೊಲ, ಬಸ್ಸು ಇಷ್ಟರ ಮೇಲೆ ಸಣ್ಣ ಸಣ್ಣ ಪ್ರಶ್ನೆ, ಸಣ್ಣ ಸಣ್ಣ ಉತ್ತರ. ಪಾಠ ಹಿಂದೆ ಬೀಳುತ್ತದೆ ಎಂಬ ಅಂಜಿಕೆ ಬೇಡ. ಆಗಸ್ಟ್ ಹೊತ್ತಿಗೆ ಮಕ್ಕಳೇ ಓಡಿ ಬಂದು ಸೇರಿಕೊಳ್ಳುತ್ತಾರೆ.

2. ಮಗುವಿನ ಬಾಯಲ್ಲಿ ಈಗಾಗಲೇ ಎಷ್ಟು ಭಾಷೆ ಇವೆ, ಕೇಳಿ ತಿಳಿದುಕೊಳ್ಳಿ

ಮುದ್ದೇಬಿಹಾಳದ ತಾಂಡಾದ ಹುಡುಗ ಮನೆಯಲ್ಲಿ ಲಂಬಾಣಿ ಆಡುತ್ತಾನೆ, ಸಾಲಿಯಲ್ಲಿ ಕನ್ನಡ, ಅಪ್ಪನ ಜೊತೆ ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ ಹೋದಾಗ ಮರಾಠಿ, ಮೊಬೈಲಿನಲ್ಲಿ ಹಿಂದಿ. ಇಂಡಿಯ ಗಡಿ ಹಳ್ಳಿಗಳಲ್ಲಿ ಮರಾಠಿ ಮಾತು ಅಂಗಡಿಕಟ್ಟೆಯ ಮೇಲೇ ಸಿಗುತ್ತದೆ. ಉರ್ದು ಮನೆಮಾತಿನ ಮಕ್ಕಳು ಇನ್ನೊಂದು ಸಂಪತ್ತು ತರುತ್ತಾರೆ. ಇವರನ್ನೆಲ್ಲ "ಭಾಷೆಯಲ್ಲಿ ಹಿಂದೆ" ಎಂದು ರಿಜಿಸ್ಟರಿನಲ್ಲಿ ಬರೆಯುವಾಗ ನನಗೆ ಸಂಕಟವಾಗುತ್ತದೆ. ಮೂರು ಭಾಷೆಯನ್ನು ಯಾರೂ ಪಾಠ ಹೇಳದೆ ಕಲಿತ ಮಗು ಇನ್ನೊಂದನ್ನೂ ಕಲಿಯಬಲ್ಲದು. ಆ ಮಾತನ್ನು ಮಗುವಿಗೆ ಮುಖ ನೋಡಿ ಹೇಳಬೇಕು. ನಾನು ಹೇಳುತ್ತೇನೆ, ಎಂಟನೇ ತರಗತಿಯ ಮೊದಲ ವಾರವೇ.

ತರಗತಿಯಲ್ಲಿ ಕನ್ನಡ ಆಡಬಾರದು ಎಂಬ ನಿಯಮ ನಾನು ಇಟ್ಟಿಲ್ಲ. ಕನ್ನಡದಲ್ಲಿ ಅರ್ಥವಾದದ್ದು ಇಂಗ್ಲಿಷಿಗೆ ಬೇಗ ದಾಟುತ್ತದೆ. ಹತ್ತನೇ ತರಗತಿಯ ಪುಸ್ತಕದಲ್ಲಿ ಭಾರತದ ಬಗ್ಗೆ ಇಂಗ್ಲಿಷ್ ಪದ್ಯ ಬರೆದ ವಿ.ಕೃ. ಗೋಕಾಕರೇ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೊಡಬೇಕೆಂದು ವರದಿ ಕೊಟ್ಟವರು. 1982ರ ಗೋಕಾಕ್ ಚಳವಳಿ ನಡೆದದ್ದು ಆ ವರದಿಗಾಗಿ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರೇ ಕನ್ನಡಕ್ಕೆ ಜ್ಞಾನಪೀಠ ತಂದರು. ಆ ಪದ್ಯ ಬಂದಾಗಲೆಲ್ಲ ಇದಿಷ್ಟನ್ನೂ ಮಕ್ಕಳಿಗೆ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

3. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ, ಓದಿಸಿ

ಈ ಮಕ್ಕಳಿಗೆ ಇಂಗ್ಲಿಷ್ ಕೇಳಿಸುವ ಬಾಯಿ ಬಹುಪಾಲು ಶಿಕ್ಷಕರದ್ದೇ. ಆದ್ದರಿಂದ ನಾವು ಓದಲೇಬೇಕು, ನಿಧಾನವಾಗಿ, ಅರ್ಥದ ತುಂಡು ತುಂಡಾಗಿ. ಮಕ್ಕಳು ಹಿಂದಿನಿಂದ ಓದಬೇಕು. ಮೊದಲು ಎಲ್ಲರೂ ಕೂಡಿ, ಆಮೇಲೆ ಸಾಲು ಸಾಲಾಗಿ, ಕೊನೆಗೆ ಒಬ್ಬೊಬ್ಬರಾಗಿ. ಒಬ್ಬೊಬ್ಬರಾಗಿ ಎಂಬುದನ್ನು ಮೊದಲೇ ಮಾಡಿದರೆ ನಾಚಿಕೆಯಿಂದ ಬಾಯಿ ಕಟ್ಟುತ್ತದೆ.

ಉಚ್ಚಾರದ ಅಂಜಿಕೆ ನಮ್ಮ ಕಡೆ ಅಷ್ಟು ಬೇಕಾಗಿಲ್ಲ. "ಬ್ಯಾಡ", "ಹ್ಯಾಂಗ", "ಬ್ಯಾಸರ" ಎನ್ನುವ ಬಾಯಿಗೆ ಇಂಗ್ಲಿಷಿನ "ಬ್ಯಾಡ್", "ಕ್ಯಾಟ್", "ಮ್ಯಾನ್" ತಾನಾಗಿ ಬರುತ್ತವೆ. ಆ ಸ್ವರ ನಮ್ಮ ವಿಜಯಪುರದ ಮಾತಿನಲ್ಲಿ ಮೊದಲೇ ಇದೆ. ಕಷ್ಟ ಕೊಡುವುದು "ಸ್ಟೇಶನ್", "ಸ್ಕೂಲ್"ಗಳಂಥ ಪದದ ಮೊದಲಿನ ಒತ್ತಕ್ಷರ. ಮೊದಲಿಗೆ ಒಂದು "ಇ" ಸೇರಿ "ಇಸ್ಟೇಶನ್" ಆಗುತ್ತದೆ. ದಿನಾ ಹೇಳಿಸಿದರೆ ತಿಂಗಳಲ್ಲಿ ಹೋಗುತ್ತದೆ.

ಪರೀಕ್ಷೆಗೆ ಪದ್ಯದ ಸಾಲುಗಳನ್ನು ಬಾಯಿಪಾಠ ಮಾಡಬೇಕು. ಇದನ್ನು ಬರೆಸಿ ಬರೆಸಿ ಮಾಡಿಸುವವರು ಹೆಚ್ಚು. ಹಾಡಿಸಿ ನೋಡಿ. ಬೀಸುಕಲ್ಲಿನ ಮುಂದೆ ಕುಳಿತು ನೂರಾರು ತ್ರಿಪದಿ ಹಾಡುತ್ತಿದ್ದ ಹೆಣ್ಣುಮಕ್ಕಳ ನೆಲ ಇದು. ಹಲಸಂಗಿಯ ಗೆಳೆಯರು ಊರೂರಿನ ತಾಯಂದಿರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳೇ 1931ರಲ್ಲಿ "ಗರತಿಯ ಹಾಡು" ಆಗಿ ಅಚ್ಚಾದವು. ಆ ತಾಯಂದಿರಲ್ಲಿ ಬಹಳ ಮಂದಿ ಅಕ್ಷರ ಬಾರದವರು. ನೆನಪು ಕಿವಿಯ ದಾರಿಯಲ್ಲಿ ಬರುತ್ತದೆ ಎನ್ನಲು ಇದಕ್ಕಿಂತ ಹತ್ತಿರದ ಪುರಾವೆ ಬೇಕೆ? ನಮ್ಮ ಹುಡುಗಿಯರು ಕೋಲಾಟದ ತಾಳಕ್ಕೆ ಇಂಗ್ಲಿಷ್ ಪದ್ಯ ಹೇಳುತ್ತಾರೆ, ಒಂದು ಸಾಲೂ ತಪ್ಪುವುದಿಲ್ಲ.

4. ಪಾಠವನ್ನು ಮಗುವಿನ ಬದುಕು ಮುಟ್ಟುವ ಕಡೆಯಿಂದ ತೆರೆಯಿರಿ

ಹತ್ತನೇ ತರಗತಿಯಲ್ಲಿ ರೈಲು ಹಳಿಯ ಪಕ್ಕ ಬಿದ್ದ ಹುಡುಗಿಯ ಪಾಠವಿದೆ. ಮುಂಬೈ ಲೋಕಲ್ ರೈಲಿನಿಂದ ರೋಮಾ ಎಂಬ ಯುವತಿ ಬೀಳುತ್ತಾಳೆ, ಬಾಲೇಶ್ವರ ಮಿಶ್ರಾ ಎಂಬ ಯುವಕ ರೈಲಿನಿಂದ ಜಿಗಿದು ಅವಳನ್ನು ಉಳಿಸುತ್ತಾನೆ. ಪಾಠ ಉದ್ದ, ಪದಗಳು ಕಠಿಣ. ಒಂದು ವರ್ಷ ಪುಸ್ತಕ ತೆರೆಸುವ ಮೊದಲು ಕೇಳಿದೆ, "ಲೋಕಲ್ ಟ್ರೇನ್ ಯಾರ್ ನೋಡೀರಿ?"

ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ತಾಂಡಾದ ಹುಡುಗಿ, ವರ್ಷಪೂರ್ತಿ ಮಾತಾಡಿದವಳೇ ಅಲ್ಲ. "ನಾ ನೋಡೀನ್ರಿ ಸರ. ಅಪ್ಪ ಅವ್ವ ಠಾಣೆಕ್ಕ ಕಟ್ಟಡ ಕೆಲಸಕ್ಕ ಹೋದಾಗ ನಾನೂ ಅಲ್ಲೇ ಇದ್ದೆರಿ."

"ಹಂಗಾರ ನೀನೇ ಹೇಳವ್ವ, ಹ್ಯಾಂಗಿರ್ತದ?"

ಮೊದಲು ಕನ್ನಡದಲ್ಲಿ ಹೇಳಿದಳು. ಬಾಗಿಲಲ್ಲಿ ಜೋತುಬಿದ್ದ ಜನ, ಒಳಗೆ ಕಾಲಿಡಲು ಜಾಗವಿಲ್ಲ, ಅವ್ವನ ಸೆರಗು ಹಿಡಿದು ನಿಂತದ್ದು. ಆಮೇಲೆ ಇಂಗ್ಲಿಷಿನಲ್ಲಿ ಹೇಳು ಎಂದೆ. ತಡೆದು ತಡೆದು ಬಂತು: "ಟ್ರೇನ್ ಈಸ್ ಫುಲ್. ಪೀಪಲ್ ಸ್ಟ್ಯಾಂಡ್ ಇನ್ ಡೋರ್. ಐ ಹೋಲ್ಡ್ ಮದರ್ ಸ್ಯಾರಿ." ಅದನ್ನು ಹಾಗೇ ಬೋರ್ಡಿನ ಮೇಲೆ ಬರೆದೆ. ಏನೇನು ಸೇರಿಸಬೇಕು ಎಂದು ಇಡೀ ತರಗತಿ ಕೂಡಿ ಹೇಳಿತು. "ದಿ" ಬಂತು, "ಮೈ" ಬಂತು, ನಡೆದುಹೋದದ್ದು ಎಂದು ಒಬ್ಬ ಹುಡುಗ ನೆನಪಿಸಿದ ಮೇಲೆ "ಹೋಲ್ಡ್" ಹೋಗಿ "ಹೆಲ್ಡ್" ಬಂತು. ವ್ಯಾಕರಣ ಅಲ್ಲೇ ಮುಗಿಯಿತು. ಆ ಪಾಠದ ಪ್ರಶ್ನೆಗಳಿಗೆ ಆ ವರ್ಷ ಗೈಡು ನೋಡಿ ಬರೆದವರು ಕಡಿಮೆ.

ಆರ್.ಕೆ. ನಾರಾಯಣರ ಸ್ವಾಮಿಯ ಕಥೆಗೂ ಇದೇ ದಾರಿ. ಕತ್ತಲಲ್ಲಿ ಒಬ್ಬನೇ ಮಲಗಲು ಹೆದರಿದ್ದು ಯಾರ ಅನುಭವವಲ್ಲ? ಅಂಬೇಡ್ಕರರ ಪಾಠ ಬಂದಾಗಂತೂ ಮಕ್ಕಳೇ ಮುಂದಾಗಿ ಮಾತಾಡುತ್ತಾರೆ.

5. ವ್ಯಾಕರಣದಲ್ಲಿ ಕ್ರಿಯಾಪದದ ಜಾಗ ಮೊದಲು

ಕನ್ನಡ, ಲಂಬಾಣಿ, ಮರಾಠಿ, ಉರ್ದು, ನಮ್ಮ ಮಕ್ಕಳ ಎಲ್ಲ ಭಾಷೆಗಳಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬರುತ್ತದೆ. ಇದೊಂದು ಗಟ್ಟಿಯಾಗುವವರೆಗೆ ಕರ್ಮಣಿ ಪ್ರಯೋಗ, ಪರೋಕ್ಷ ಕಥನ ಹೇಳಿಕೊಡುವುದು ವ್ಯರ್ಥ. ಚೀಟಿಗಳ ಮೇಲೆ ಪದ ಬರೆದು, ಮಕ್ಕಳ ಕೈಗೆ ಕೊಟ್ಟು, ಸಾಲಾಗಿ ನಿಲ್ಲಿಸಿ ವಾಕ್ಯ ಮಾಡಿಸಿ. "ಈಟ್ಸ್" ಚೀಟಿ ಹಿಡಿದವನು ಕೊನೆಯಿಂದ ನಡುವಿಗೆ ನಡೆದು ಬರಬೇಕು.

6. ಪತ್ರ, ಪ್ರಬಂಧ, ವ್ಯಕ್ತಿ ಪರಿಚಯ ಊರಿನದೇ ಇರಲಿ

ಗೈಡಿನ ಪ್ರವಾಸ ಪತ್ರವನ್ನು ಇಡೀ ತರಗತಿ ಒಂದೇ ನಮೂನೆ ಬರೆದದ್ದನ್ನು ಮೌಲ್ಯಮಾಪನ ಮಾಡಿದವರೆಲ್ಲ ನೋಡಿರುತ್ತಾರೆ. ಪ್ರಶ್ನೆ ತುಸು ತಿರುಗಿದರೆ ಆ ಮಕ್ಕಳ ಕೈ ನಿಂತುಹೋಗುತ್ತದೆ. ಬೆಳಗಿನ ಬಸ್ಸು ಊರಿಗೆ ಬರುತ್ತಿಲ್ಲ ಎಂದು ಡಿಪೊ ಮ್ಯಾನೇಜರರಿಗೆ ಬರೆಸಿ. ಕುಡಿಯುವ ನೀರಿನ ಬಗ್ಗೆ ಪಂಚಾಯಿತಿಗೆ ಬರೆಸಿ. ಪ್ರಬಂಧಕ್ಕೆ ಇಂಡಿಯ ಲಿಂಬೆ ಇದೆ, ಆಲಮಟ್ಟಿ ಅಣೆಕಟ್ಟು ಇದೆ, ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೆ. ವ್ಯಕ್ತಿ ಪರಿಚಯಕ್ಕೆ ಸಿಂದಗಿ ತಾಲೂಕಿನಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ ಇದ್ದಾರೆ.

ಎಲ್ಲಕ್ಕಿಂತ ಚೆನ್ನಾಗಿ ಮಕ್ಕಳು ಬರೆಯುವುದು ಅವ್ವನ ಪರಿಚಯವನ್ನು. ಹೆಸರು, ವಯಸ್ಸು, ತವರು, ಕೆಲಸ, ಇಷ್ಟದ ಅಡಿಗೆ ಎಂದು ಪಟ್ಟಿ ಮಾಡಿ ಮನೆಯಲ್ಲಿ ಕೇಳಿ ಬರುತ್ತಾರೆ. ಅವ್ವನ ಬಗ್ಗೆ ಬರೆಯುವಾಗ ಯಾರೂ ನಕಲು ಮಾಡುವುದಿಲ್ಲ.

7. ಪಾಸಿಂಗ್ ಪ್ಯಾಕೇಜ್ ಜನವರಿಗಿಂತ ಮೊದಲು ಬೇಡ

ಕನಿಷ್ಠ ಅಂಕಕ್ಕೆ ಬೇಕಾದಷ್ಟನ್ನೇ ಆಯ್ದು ಕಟ್ಟಿದ ಟಿಪ್ಪಣಿ ಕೊನೆಯ ಎರಡು ತಿಂಗಳಲ್ಲಿ ಕೆಲವು ಮಕ್ಕಳಿಗೆ ಬೇಕು, ನಾನೂ ಕೊಡುತ್ತೇನೆ. ಜೂನ್‌ನಲ್ಲೇ ಕೊಟ್ಟರೆ ಮಗುವಿಗೆ "ನಿನ್ನಿಂದ ಇಷ್ಟೇ" ಎಂದು ವರ್ಷದ ಮೊದಲೇ ಹೇಳಿದಂತಾಗುತ್ತದೆ. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಬಂದಿದೆ. ಹೊರಗಿನ ನೆರವಿನ ಕಾಲ ಮುಗಿಯುತ್ತಿದೆ. ಇದು ಒಳ್ಳೆಯದೇ ಆಯಿತು. ಮಗುವಿಗೆ ನಿಜಕ್ಕೂ ಎಷ್ಟು ಬರುತ್ತದೆ ಎಂಬ ಪ್ರಶ್ನೆಯನ್ನು ಶಾಲೆ, ಇಲಾಖೆ, ಪಾಲಕರು ಎಲ್ಲರೂ ಈಗ ಎದುರಿಸಲೇಬೇಕು.

8. ದಸರಾ ನಂತರ ಖಾಲಿಯಾಗುವ ಬೆಂಚುಗಳ ಲೆಕ್ಕ ಇಡಿ

ಈ ಸೀಮೆಯಲ್ಲಿ ಇಂಗ್ಲಿಷಿನ ದೊಡ್ಡ ತೊಡಕು ಇಂಗ್ಲಿಷ್ ಅಲ್ಲವೇ ಅಲ್ಲ, ಗುಳೆ. ಮುಂಗಾರಿನ ರಾಶಿ ಮುಗಿದು ಸಕ್ಕರೆ ಕಾರ್ಖಾನೆಗಳು ಶುರುವಾಗುವ ಹೊತ್ತಿಗೆ ಕೂಲಿಗೆ ಕರೆದೊಯ್ಯುವ ಮುಕಾದಮನಿಂದ ಮುಂಗಡ ಪಡೆದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡುತ್ತವೆ. ಗೋವಾ, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋಗುವವರು ಬೇರೆ. ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಹತ್ತನೇ ತರಗತಿಯ ಹುಡುಗಿಯೂ ಲಾರಿ ಹತ್ತುತ್ತಾಳೆ. ಗಣಿತ, ವಿಜ್ಞಾನದ ಒಂದು ಅಧ್ಯಾಯ ತಪ್ಪಿದರೆ ಹೇಗೋ ತುಂಬಿಕೊಳ್ಳಬಹುದು. ದಿನಾ ಕೇಳಬೇಕಾದ ಭಾಷೆ ನಾಲ್ಕು ತಿಂಗಳು ಕಿವಿಗೆ ಬೀಳದಿದ್ದರೆ ಕಲಿತದ್ದೂ ಆರುತ್ತದೆ.

ಹೊರಡುವ ಮೊದಲೇ ತಾಂಡಾಕ್ಕೆ ಹೋಗಿ ಮಾತಾಡಬೇಕು. ಹಿಂದುಳಿದ ವರ್ಗಗಳ (ಬಿಸಿಎಂ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ, ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆ ಇದೆ, ಇಲ್ಲವೇ ಅಜ್ಜಿ ಇದ್ದಾಳೆ. "ಮಾರ್ಚ್ ತನಕ ಮಗೀನ ಇಲ್ಲೇ ಬಿಡ್ರಿ ಯಪ್ಪಾ, ಪರೀಕ್ಷಾ ಮುಗಿಲಿ" ಎಂದು ಶಿಕ್ಷಕರೇ ಹೊಸಲಿಗೆ ಬಂದು ಕೇಳಿದರೆ ಅನೇಕರು ಬಿಡುತ್ತಾರೆ. ಬಿಡಲಾಗದವರ ಮೇಲೆ ಸಿಟ್ಟಾಗಬೇಡಿ, ಮುಂಗಡದ ಸಾಲ ಅವರನ್ನು ಎಳೆದೊಯ್ಯುತ್ತದೆ. ಹೋದ ಮಕ್ಕಳಿಗೆ ಪಾಠವನ್ನು ಓದಿ, ಧ್ವನಿ ಮುದ್ರಿಸಿ, ಅಪ್ಪನ ವಾಟ್ಸಾಪಿಗೆ ಕಳಿಸುತ್ತೇನೆ. ರಾತ್ರಿ ಗುಡಿಸಲಿನಲ್ಲಿ ಕೇಳಿ, ತಿರುಗಿ ತಾವು ಓದಿ ಕಳಿಸುತ್ತಾರೆ. ಹಿಂದೆ ಎತ್ತಿನ ಗಂಟೆಯೂ ಕೇಳಿಸುತ್ತಿರುತ್ತದೆ, ಹುಡುಗಿಯ ಇಂಗ್ಲಿಷೂ ಸ್ಪಷ್ಟವಾಗಿ ಕೇಳಿಸುತ್ತದೆ.

9. ಮತ್ತೆ ಬರೆಯುವವರನ್ನು ಕೈಬಿಡಬೇಡಿ

ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರಲ್ಲಿ ಇಂಗ್ಲಿಷ್ ಒಂದೇ ಉಳಿದರೆ ಮುಂದಿನದು ಇದೆ. ಫಲಿತಾಂಶದ ಮರುದಿನವೇ ಆ ಮಕ್ಕಳ ಮನೆಗೆ ಫೋನು ಹೋಗಬೇಕು. ತಡವಾದರೆ ಹುಡುಗಿಯ ಮದುವೆಯ ಮಾತು ಶುರುವಾಗಿರುತ್ತದೆ, ಹುಡುಗ ಪುಣೆಯ ಗಾಡಿ ಹತ್ತಿರುತ್ತಾನೆ.

ಇನ್ನು ಕೇಳಿಕೊಳ್ಳುವುದು ಎರಡು. ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗಳಿಗೆ ಅತಿಥಿ ಶಿಕ್ಷಕರನ್ನು ಜೂನ್ ಮೊದಲ ವಾರವೇ ಕೊಡಬೇಕು, ಮಳೆಗಾಲ ಕಳೆದ ಮೇಲೆ ಅಲ್ಲ. ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಓದಿ ಈಗ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿರುವ ಅಣ್ಣ ಅಕ್ಕಂದಿರೇ, ಜಾತ್ರೆಗೆ ಊರಿಗೆ ಬಂದಾಗ ನಿಮ್ಮ ಸಾಲಿಗೊಮ್ಮೆ ಬನ್ನಿ. ಒಂದು ತಾಸು ಹತ್ತನೇ ತರಗತಿಯವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಹೋಗಿ.