ತಾಯಿಯೂ ಮಗುವಿನ ಭಕ್ತಿಯೂ

ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ದೈತ್ಯಬಾಲಕರು ಪ್ರಹ್ಲಾದರಾಜರನ್ನು ಒಂದು ಪ್ರಶ್ನೆ ಕೇಳುತ್ತಾರೆ. ಅಂತಃಪುರದಲ್ಲಿದ್ದ ಬಾಲಕನಾದ ನಿನಗೆ ನಾರದರ ಸಂಗ ಹೇಗೆ ದೊರೆಯಿತು? ಹಿರಣ್ಯಕಶಿಪುವು ತಪಸ್ಸಿಗೆ ಹೋದಾಗ ದೇವೇಂದ್ರನು ಗರ್ಭಿಣಿಯಾದ ಕಯಾಧುವನ್ನು ಸೆರೆಹಿಡಿದು ಒಯ್ಯುತ್ತಿದ್ದನೆಂದೂ, ನಾರದರು ಆಕೆಯನ್ನು ಬಿಡಿಸಿ ತಮ್ಮ ಆಶ್ರಮದಲ್ಲಿರಿಸಿಕೊಂಡು ಧರ್ಮತತ್ತ್ವವನ್ನೂ ನಿರ್ಮಲಜ್ಞಾನವನ್ನೂ ಉಪದೇಶಿಸಿದರೆಂದೂ ಪ್ರಹ್ಲಾದರು ಉತ್ತರ ಕೊಡುತ್ತಾರೆ. ಇಷ್ಟು ಕಥೆಯನ್ನು ನಾವೆಲ್ಲರೂ ಬಲ್ಲೆವು. ಅದರ ಮುಂದಿನ ಮಾತನ್ನು ಮಾತ್ರ ಪುರಾಣಶ್ರವಣದಲ್ಲಿ ಬಹುಮಂದಿ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ದೀರ್ಘಕಾಲ ಕಳೆದುದರಿಂದ ತಾಯಿಗೆ ಆ ಉಪದೇಶವು ಮರೆತುಹೋಯಿತು. ಋಷಿಗಳ ಅನುಗ್ರಹದಿಂದ ತಮಗೆ ಇಂದಿಗೂ ಮರೆತಿಲ್ಲ ಎನ್ನುತ್ತಾರೆ ಪ್ರಹ್ಲಾದರು.

ಈ ಮಾತು ನಮ್ಮ ಮನೆಗಳ ತಾಯಂದಿರಿಗೆ ಧೈರ್ಯ ಕೊಡತಕ್ಕದ್ದು. "ನಮಗೆ ಸಂಸ್ಕೃತ ಬಾರದು, ಶಾಸ್ತ್ರ ತಿಳಿಯದು, ಮಕ್ಕಳಿಗೆ ಏನು ಹೇಳಿಕೊಡೋಣ?" ಎಂದು ಅನೇಕರು ಹಿಂಜರಿಯುತ್ತಾರೆ. ಕಯಾಧುವು ಮಗನಿಗೆ ಪಾಠ ಹೇಳಿದವಳಲ್ಲ. ಗರ್ಭದ ಕ್ಷೇಮಕ್ಕಾಗಿ ಋಷಿಯ ಸೇವೆ ಮಾಡುತ್ತ, ಹರಿಕಥೆ ನಡೆಯುವ ಸ್ಥಳದಲ್ಲಿ ಕುಳಿತಳು. ಅಷ್ಟು ಸಾಕಾಯಿತು.

ನಮ್ಮ ತೇರದಾಳದ ಸೀಮೆಯವರು ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಬೀಳಗಿ ತಾಲೂಕಿನ ಕೃಷ್ಣಾತೀರದ ಗಲಗಲಿಯು ಪಂಡಿತರ ಊರೆಂದು ಪ್ರಸಿದ್ಧ. ಆ ಊರಿನ ಹೆಸರನ್ನೇ ತಮ್ಮ ಹೆಸರಿನಲ್ಲಿ ಹೊತ್ತ ಗಲಗಲಿ ಅವ್ವನವರು ಹರಿದಾಸ ಸಾಹಿತ್ಯದ ಆದ್ಯ ಕವಯಿತ್ರಿಯರಲ್ಲಿ ಒಬ್ಬರು. ‘ರಮೇಶ’ ಎಂಬುದು ಅವರ ಅಂಕಿತ. ಅವರ ಹಾಡುಗಳಲ್ಲಿ ರುಕ್ಮಿಣಿ, ಸತ್ಯಭಾಮೆ, ದ್ರೌಪದಿಯರು ನಮ್ಮ ಕಡೆಯ ಬೀಗಿತ್ತಿಯರಂತೆ ಪರಸ್ಪರ ಚೇಷ್ಟೆಯ ಮಾತಾಡುತ್ತಾರೆ. ವೇದಾಧ್ಯಯನಕ್ಕೆ ಅವಕಾಶವಿಲ್ಲದವರ ಮೇಲಿನ ಕೃಪೆಯಿಂದ ವೇದವ್ಯಾಸದೇವರು ಮಹಾಭಾರತವನ್ನು ರಚಿಸಿದರೆಂದು ಭಾಗವತವೇ ಹೇಳುತ್ತದೆ. ಆ ಭಾರತವನ್ನು ಅಡುಗೆಮನೆಯ ಹೊಸ್ತಿಲವರೆಗೆ ತಂದವರು ಇಂಥ ಅವ್ವಂದಿರು. ಅನಂತರ ಹರಪನಹಳ್ಳಿ ಭೀಮವ್ವನವರು (1823–1903) ‘ಭೀಮೇಶಕೃಷ್ಣ’ ಅಂಕಿತದಿಂದ ಅದೇ ಕಾರ್ಯವನ್ನು ಮುಂದುವರಿಸಿದರು.

ಹೂಬತ್ತಿ ಹೊಸೆಯುವಾಗ, ಗೆಜ್ಜೆವಸ್ತ್ರ ಮಾಡುವಾಗ ನಮ್ಮ ತಾಯಂದಿರು ಈ ಹಾಡುಗಳನ್ನು ಗುನುಗುತ್ತಿದ್ದರು. ಪಕ್ಕದಲ್ಲಿ ಅರಳೆಯನ್ನು ಚೆಲ್ಲಾಡುತ್ತ ಕುಳಿತ ನಮಗೆ ಅದು ಉಪದೇಶವೆಂದು ತೋರುತ್ತಲೇ ಇರಲಿಲ್ಲ. ಈಗ ಮೊಬೈಲಿನಲ್ಲಿ ಬೇಕಾದ ದಾಸರಪದ ಬೇಕಾದಾಗ ಕೇಳಸಿಗುತ್ತದೆ, ಅದೂ ಒಳ್ಳೆಯದೇ. ಆದರೆ "ಕೃಷ್ಣ ಯಾಕ ಬೆಣ್ಣೆ ಕದ್ದ, ಅವ್ವಾ?" ಎಂಬ ಪ್ರಶ್ನೆಗೆ ಕೆಲಸದ ನಡುವೆ ಕೈ ನಿಲ್ಲಿಸಿ ನಕ್ಕು ಉತ್ತರ ಹೇಳುವವರು ಎದುರಿಗೆ ಇರಬೇಕಾಗುತ್ತದೆ. ಇಬ್ಬರೂ ದುಡಿಯುವ ಮನೆಗಳಲ್ಲಿ ಆ ವೇಳೆಯೇ ದೊರೆಯದೆಂಬ ಅಳಲು ನಮಗೆ ತಿಳಿಯದ್ದಲ್ಲ. ದೀಪ ಹಚ್ಚುವ ಹತ್ತು ನಿಮಿಷವಾದರೂ ಮಗುವಿಗೆ ಮೀಸಲಾಗಲಿ ಎಂದಷ್ಟೇ ನಮ್ಮ ಬಿನ್ನಹ.

ಬಲಾತ್ಕಾರವು ಮಾತ್ರ ಸಲ್ಲದು. ಎಂಟು ವರ್ಷದೊಳಗಿನ ಮಗುವಿಗೆ ಏಕಾದಶಿಯ ಉಪವಾಸವನ್ನು ಶಾಸ್ತ್ರವೇ ವಿಧಿಸಿಲ್ಲ. ಹಸಿದ ಕೂಸನ್ನು ಗದರಿಸಿ ಕೂಡಿಸಿದರೆ ಅದರ ಮನಸ್ಸಿನಲ್ಲಿ ಉಳಿಯುವುದು ಗದರಿಕೆಯೇ ಹೊರತು ಹರಿದಿನವಲ್ಲ.

ಧ್ರುವನ ತಾಯಿ ಸುನೀತಿಯ ನಡೆಯನ್ನು ನೋಡಿರಿ. ಐದು ವರ್ಷದ ಬಾಲಕನು ಸುರುಚಿಯ ಬಿರುನುಡಿಗೆ ನೊಂದು ಅಳುತ್ತ ಬಂದಾಗ ಆಕೆಯೂ ಕಣ್ಣೀರಿಟ್ಟಳು; ಸವತಿಯನ್ನು ಶಪಿಸಲಿಲ್ಲ. ಪರರಿಗೆ ಕೇಡು ಬಗೆಯಬೇಡ, ಶ್ರೀಹರಿಯ ಪಾದಗಳನ್ನೇ ಆಶ್ರಯಿಸು ಎಂದಳು. ನಾರದರ ಉಪದೇಶವೂ ಮಧುವನದ ತಪಸ್ಸೂ ಆಮೇಲಿನ ಮಾತು. ಬಹುಕಾಲ ರಾಜ್ಯವಾಳಿ, ಕಡೆಗೆ ವಿಮಾನವನ್ನೇರಿ ಹೊರಟ ಧ್ರುವನಿಗೆ, ದೀನಳಾದ ತಾಯಿಯನ್ನು ಬಿಟ್ಟು ಹೇಗೆ ಹೋಗಲಿ ಎಂಬ ಚಿಂತೆ ಬಂದಿತಂತೆ. ವಿಷ್ಣುದೂತರು ಅದನ್ನರಿತು ಮುಂದೆ ಕೈತೋರಿದರು. ಸುನೀತಿಯು ಮತ್ತೊಂದು ವಿಮಾನದಲ್ಲಿ ಅವನಿಗಿಂತ ಮೊದಲೇ ಹೋಗುತ್ತಿದ್ದಳು.