ಚರಗದ ಅನ್ನ, ಚೀನಾದ ಬುತ್ತಿ

ಪ್ರಶ್ನೆ: ಎಳ್ಳ ಅಮಾಸಿಗೆ ನಾವು ಹೊಲದಾಗ ಚರಗ ಚೆಲ್ಲತೇವಿ. ಚೀನಾದಾಗೂ ಒಂದು ಹಬ್ಬಕ್ಕ ಅನ್ನಾನ ಹೊಳಿಗೆ ಒಗೀತಿದ್ರಂತ. ಎರಡರ ಮೂಲ ಒಂದೇ ಏನ್ರಿ?
– ಓದುಗರೊಬ್ಬರು, ಬೆಳವಣಕಿ

ಉತ್ತರ: ಮೂಲ ಒಂದೇ ಅಲ್ಲ. ಆದರೆ ಎರಡು ಕಡೆಯೂ ಊಟ ಮೊದಲು ಹುಟ್ಟಿತು, ಕತೆ ಆಮೇಲೆ ಬಂದು ಕೂಡಿಕೊಂಡಿತು ಎಂದೇ ನನ್ನ ತಿಳಿವಳಿಕೆ.

ಚೀನಾದ್ದು ಜೊಂಗ್‌ಜಿ. ಅಂಟಕ್ಕಿಯನ್ನು ಬಿದಿರೆಲೆಯಲ್ಲಿ ಮಡಚಿ, ದಾರ ಸುತ್ತಿ ಕುದಿಸುವ ಬುತ್ತಿ. ಅವರ ಐದನೇ ತಿಂಗಳ ಐದನೇ ದಿನ, ದೋಣಿ ಪಂದ್ಯದ ಹಬ್ಬಕ್ಕೆ ಇದು ಆಗಲೇಬೇಕು. ಚೂ ರಾಜ್ಯದ ಕವಿ ಚ್ಯು ಯುವಾನ್ ಕ್ರಿ.ಪೂ. 3ನೇ ಶತಮಾನದಲ್ಲಿ ಮಿಲುವೊ ನದಿಗೆ ಹಾರಿ ಪ್ರಾಣ ಬಿಟ್ಟ. ಮೀನುಗಳು ಅವನ ದೇಹ ಮುಟ್ಟದಿರಲೆಂದು ಜನ ಅನ್ನ ಎಸೆದರು ಎಂಬುದು ಎಲ್ಲರೂ ಹೇಳುವ ಕತೆ. ಆದರೆ ಕ್ರಿ.ಶ. 3ನೇ ಶತಮಾನದ ಜೌ ಚು ಬರೆದಿಟ್ಟಿರುವುದು ಬೇರೆ: ಬರಗನ್ನು ಎಲೆಯಲ್ಲಿ ಸುತ್ತಿ, ಬೂದಿನೀರಿನಲ್ಲಿ ಬೇಯಿಸಿ, ಆ ದಿನವೂ ಬೇಸಿಗೆಯ ಅತಿ ದೀರ್ಘ ಹಗಲಿನ ದಿನವೂ ತಿನ್ನುತ್ತಿದ್ದರು. ಅಲ್ಲಿ ಕವಿಯ ಮಾತಿಲ್ಲ. ಋತುವಿನ ಊಟಕ್ಕೆ ಕವಿಯ ನೆನಪು ಆಮೇಲೆ ಸೇರಿರಬೇಕು.

ಈಗ ನಿಮ್ಮ ಎರಿ ಹೊಲಕ್ಕೆ ಬರೋಣ. ಎಳ್ಳ ಅಮಾಸಿ ಮಾರ್ಗಶಿರದ ಕೊನೆಯ ದಿನ; ಡಿಸೆಂಬರ್ ಕೊನೆಗೋ ಜನವರಿಗೋ ಬೀಳುತ್ತದೆ. ಹಿಂಗಾರಿ ಜೋಳ ಆಗ ತೆನೆ ಹಿರಿಯುವ ಹೊತ್ತು, ಕಡಲೆ ಕಾಯಿ ಕಟ್ಟುವ ಹೊತ್ತು. ಹೊಲ ಬಸಿರಾಗಿದೆ, ಬಯಕೆ ಊಟ ಉಣಿಸಬೇಕು ಎಂಬ ಭಾವ ಹುಟ್ಟಿದ್ದು ಇಲ್ಲಿ. ಉಣಿಸುವುದು ಏನನ್ನು? ಬುಟ್ಟಿ ಬಿಚ್ಚಿ ನೋಡಿ: ಎಳ್ಳು ಹಚ್ಚಿ ತಟ್ಟಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡಬು, ಮೊಸರನ್ನ. ಸಜ್ಜಿ, ಎಳ್ಳು, ಶೇಂಗಾ ಮೂರೂ ಮುಂಗಾರಿಯ ಬೆಳೆ, ಆಗಲೇ ಮನೆ ಸೇರಿದವು. ಕೈಗೆ ಬಂದ ಫಸಲನ್ನು ಇನ್ನೂ ಹೊಲದಲ್ಲಿ ನಿಂತ ಫಸಲಿಗೆ ಉಣಿಸುವುದೇ ಚರಗ. ಇದಕ್ಕಿಂತ ಸ್ಪಷ್ಟವಾದ ಮೂಲವನ್ನು ನಾನು ಹುಡುಕಲಾರೆ. ಚಳಿಗಾಲಕ್ಕೆ ಎಳ್ಳು, ಸಜ್ಜಿ ಮೈಗೆ ಕಾವು ಕೊಡುತ್ತವೆ ಎಂಬ ಹಿರಿಯರ ಮಾತೂ ಜೊತೆಗಿದೆ.

ಕತೆ ಇಲ್ಲೂ ಬಂದು ಸೇರಿದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಕೆಲವೆಡೆ ಹಿಂದೊಂದು ಕಲ್ಲಿಟ್ಟು ಕಳ್ಳನೆನ್ನುತ್ತಾರೆ. ಬೆಳೆ ಕದಿಯುವವನಿಗೂ ಒಂದು ತುತ್ತು ಸಲ್ಲುತ್ತದೆ! ಆಮೇಲೆ ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಚರಗ ಚೆಲ್ಲುತ್ತ ಹೊಲ ಸುತ್ತಿದರೆ, ಹಿಂದಿನವರು ನೀರು ಚಿಮುಕಿಸುತ್ತಾರೆ. ಭೂಮಿ ಉಂಡ ಮೇಲೆಯೇ ಮನೆಯವರ ಊಟ. ಹೊಲವಿಲ್ಲದ ನೆರೆಯವರನ್ನೂ ಚಕ್ಕಡಿ ಹತ್ತಿಸಿಕೊಂಡು ಹೋಗುವುದು ಈ ಹಬ್ಬದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯ ಪದ್ಧತಿ.

ಚರಗಕ್ಕೆ ಹಕ್ಕಿ ಬರುತ್ತವೆ, ಬಂದವು ಕಾಯಿಕೊರಕ ಹುಳುವನ್ನೂ ಹೆಕ್ಕುತ್ತವೆ, ಅದಕ್ಕೇ ಹಿರಿಯರು ಇದನ್ನು ಮಾಡಿದರು ಎನ್ನುವವರಿದ್ದಾರೆ. ಹಕ್ಕಿ ಹುಳು ತಿನ್ನುವುದು ನಿಜ. ಕಡಲೆ ಹೊಲದಲ್ಲಿ ಚುರುಮುರಿ ಚೆಲ್ಲಿ, ಹಕ್ಕಿ ಕೂರಲು ಟೊಂಗೆ ನೆಡಿ ಎಂದು ಕೃಷಿ ತಜ್ಞರೂ ಹೇಳುತ್ತಾರೆ. ಆದರೆ ವರ್ಷಕ್ಕೊಮ್ಮೆ ಚೆಲ್ಲುವ ಅನ್ನದಿಂದ ಹುಳುವಿನ ಕಾಟ ತಪ್ಪದು, ಹಾಗಾಗಿ ಅದನ್ನೇ ಮೂಲವೆನ್ನಲು ನಾನು ಒಪ್ಪುವುದಿಲ್ಲ. ಹುಳು ಕಂಡರೆ ಅಂದೇ ಚುರುಮುರಿ ಚೆಲ್ಲಿ, ಅಮಾಸಿ ಕಾಯಬೇಡಿ.