ಚಲಾವಣೆಯಾಗದ ನೋಟಿಗೆ ಏನು ಬೆಲೆ?

ಬಾರ್ಬಡೋಸ್ ಡಾಲರಿನ ಲೆಕ್ಕ ಸುಲಭ. ಅಮೆರಿಕದ ಒಂದು ಡಾಲರಿಗೆ ಅವರ ಎರಡು ಡಾಲರ್. 1975ರಲ್ಲಿ ಹಾಕಿದ ಗಂಟು ಇವತ್ತಿಗೂ ಸಡಿಲವಾಗಿಲ್ಲ. ಗ್ರ್ಯಾಂಟ್ಲಿ ಆಡಮ್ಸ್ ಅವರ ಚಿತ್ರವಿರುವ ನೂರರ ನೋಟು ಕೈಯಲ್ಲಿದ್ದರೆ ಅದು ಅಮೆರಿಕದ ಐವತ್ತು ಡಾಲರ್, ಮರುಮಾತಿಲ್ಲ. ನನ್ನ ಬಳಿ ಇರುವ ನೂರು ಡಾಲರಿಗೆ ಮಾತ್ರ ಅಲ್ಲಿನ ರಾಜಧಾನಿ ಬ್ರಿಜ್‌ಟೌನಿನಲ್ಲಿ ಒಂದು ಎಳನೀರೂ ಬಾರದು. ಅದರ ಮೇಲೆ ಕೆಂಪಕ್ಷರದಲ್ಲಿ ‘ಸ್ಪೆಸಿಮನ್’, ಅಂದರೆ ಮಾದರಿ, ಎಂದು ಒತ್ತಿದ್ದಾರೆ. ಕ್ರಮಸಂಖ್ಯೆಯ ಜಾಗದಲ್ಲಿ ಬರೀ ಸೊನ್ನೆಗಳು. ಗವರ್ನರ್ ಸಹಿಯ ಮೇಲೆ ತೂತು. ಇಷ್ಟಾದರೂ ನಾನು ಅದಕ್ಕೆ ಅಸಲಿ ನೋಟಿಗಿಂತ ಹೆಚ್ಚೇ ಕೊಟ್ಟಿದ್ದೇನೆ.

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ಬಂದವನು ನಾನು. ಹೊಸ ನೋಟು ಬಂದಾಗ ಅದರ ಗುರುತುಗಳನ್ನು ಕಣ್ಣಿಗೆ ರೂಢಿ ಮಾಡಿಸಿಕೊಳ್ಳುವುದು ನಮ್ಮ ಕೆಲಸದ ಭಾಗವೇ ಆಗಿತ್ತು. ಮಾದರಿ ನೋಟು ಹುಟ್ಟಿದ್ದೂ ಇದಕ್ಕೇ. ಮುದ್ರಣಾಲಯದವರು ಕೆಲವೇ ಪ್ರತಿಗಳನ್ನು ತೆಗೆದು ಬೇರೆ ದೇಶಗಳ ಕೇಂದ್ರ ಬ್ಯಾಂಕುಗಳಿಗೂ ದೊಡ್ಡ ಬ್ಯಾಂಕುಗಳಿಗೂ ಕಳಿಸುತ್ತಾರೆ, ‘ನಮ್ಮ ಹೊಸ ನೋಟು ಹೀಗಿದೆ, ನೋಡಿಟ್ಟುಕೊಳ್ಳಿ’ ಎಂದು. ಬಾರ್ಬಡೋಸ್ 1973ರಲ್ಲಿ ಸ್ವಂತ ನೋಟು ತಂದಾಗ ಅಚ್ಚು ಹಾಕಿದ್ದು ಇಂಗ್ಲೆಂಡಿನ ಡಿ ಲಾ ರೂ ಕಂಪನಿ. ಅವರ ಹಳೆಯ ಮಾದರಿಗಳ ಮೂಲೆಯಲ್ಲಿ ಕಂಪನಿ ಹೆಸರಿನ ಸಣ್ಣ ಮೊಟ್ಟೆಯಾಕಾರದ ಮುದ್ರೆ ಇರುತ್ತದೆ, ಅಂಚಿನಲ್ಲಿ ಮಾದರಿಯ ನಂಬರು. ನೋಟನ್ನು ತಿರುವಿ ತೂತಿನ ಸುತ್ತ ಬೆರಳಾಡಿಸಿದರೆ ಕಾಗದ ಒಂದಿಷ್ಟು ಎದ್ದಿರುವುದು ತಿಳಿಯುತ್ತದೆ. ಯಂತ್ರದ ಮೊಳೆ ಮುಂಭಾಗದಿಂದ ಇಳಿದದ್ದಕ್ಕೆ ಗುರುತು. ನಾನು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಅದನ್ನೇ. ಚಿತ್ರ ಆಮೇಲೆ.

ಮಾದರಿಯಲ್ಲೂ ಎರಡು ಜಾತಿ. ಹಣ ಕೈಬಿಡುವುದು ಈ ವ್ಯತ್ಯಾಸದಲ್ಲಿಯೇ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಫ್ರಾಂಕ್ಲಿನ್ ಮಿಂಟ್ ಎಂಬ ಖಾಸಗಿ ಟಂಕಸಾಲೆ ಹಲವು ಸಣ್ಣ ದೇಶಗಳ ಮಾದರಿ ನೋಟುಗಳನ್ನು ಸಂಗ್ರಾಹಕರಿಗೆಂದೇ ಸೆಟ್ಟು ಮಾಡಿ ಮಾರಿತು. ಜಮೈಕಾದ್ದೂ ಅದರಲ್ಲಿತ್ತು: ಪಾಲ್ ಬೋಗಲ್ ಚಿತ್ರದ ಎರಡು ಡಾಲರ್, ನಾರ್ಮನ್ ಮ್ಯಾನ್ಲಿಯವರ ಐದು ಡಾಲರ್ ಎಲ್ಲ. ಅವುಗಳ ಕ್ರಮಸಂಖ್ಯೆ ಸೊನ್ನೆಯಲ್ಲ. ಮೊದಲು ಮಾಲ್ಟಾ ಶಿಲುಬೆಯ ಚಿಹ್ನೆ, ಅದರ ಪಕ್ಕಕ್ಕೆ ನಿಜವಾದ ಅಂಕಿ. ನೋಡಲು ಚೆಂದ, ಕಾಗದ ಗರಿಗರಿ. ಆದರೆ ಕೊಂಡವರೆಲ್ಲ ಸಂಗ್ರಾಹಕರೇ ಆದ್ದರಿಂದ ಒಂದೂ ಹರಿದಿಲ್ಲ, ಒಂದೂ ಕಳೆದಿಲ್ಲ, ಎಲ್ಲವೂ ಲಕೋಟೆಯಲ್ಲಿ ಜೋಪಾನ. ಜೋಪಾನವಾಗಿರಲೆಂದೇ ಮಾಡಿದ ವಸ್ತು ಅಪರೂಪವಾಗುವುದು ಹೇಗೆ? ಅರ್ಧ ಶತಮಾನ ಸಮೀಪಿಸಿದರೂ ಅವು ಅಗ್ಗದಲ್ಲೇ ಕೈಬದಲಾಗುತ್ತಿವೆ. ಕ್ಯಾಟಲಾಗಿನಲ್ಲಿ ಇವುಗಳ ನಂಬರಿನ ಮುಂದೆ ‘ಸಿಎಸ್’ ಎಂದಿರುತ್ತದೆ. ಬೆಂಗಳೂರಿನ ನಾಣ್ಯ ಮೇಳಗಳಲ್ಲಿ ‘ಸಾರ್, ಸ್ಪೆಸಿಮನ್, ಬಾಳ ರೇರ್’ ಎಂದು ಯಾರಾದರೂ ಮುಂದಿಟ್ಟರೆ ನಾನು ಹುಡುಕುವುದು ಆ ಶಿಲುಬೆಯನ್ನು. ಅದಿದ್ದರೆ ಚೌಕಾಸಿ ಜೋರಾಗಿ ನಡೆಯಬಹುದು.

ಬ್ಯಾಂಕುಗಳಿಗೆ ಹೋದ ಮಾದರಿಗಳ ಕಥೆ ಬೇರೆ. ಅವು ಎಷ್ಟೋ ಕಡತಗಳಲ್ಲಿ ಕೊಳೆತವು, ಉಳಿದ ಕೆಲವು ಹೊರಬಂದವು. ಅವು ಸಿಗುವುದು ಹೆಚ್ಚಾಗಿ ವಿದೇಶದ ಹರಾಜಿನಲ್ಲಿ. ಅಲ್ಲಿ ಕೂಗಿದ ಬೆಲೆಯೇ ಕೊಟ್ಟ ಬೆಲೆಯಲ್ಲ. ಒಂದು ನೋಟು ನೂರು ಅಮೆರಿಕನ್ ಡಾಲರಿಗೆ ನಿಂತಿತು ಎನ್ನಿ. ಹರಾಜುದಾರರ ಕಮಿಷನ್ ಶೇ 20 ಎಂದರೂ ಇಪ್ಪತ್ತು, ವಿಮೆ ಸಹಿತ ಅಂಚೆಗೆ ಇಪ್ಪತ್ತೈದು, 145 ಆಯಿತು. ಕಾರ್ಡಿನಲ್ಲಿ ಕಟ್ಟಿದರೆ ವಿದೇಶಿ ವಿನಿಮಯಕ್ಕೆಂದು ಬ್ಯಾಂಕು ಶೇ 3.5 ಸೇರಿಸಬಹುದು, ಆ ಶುಲ್ಕದ ಮೇಲೆ ಜಿಎಸ್‌ಟಿ. ಕಸ್ಟಮ್ಸ್ ಬಾಗಿಲಿಗೆ ಬರುವ ಮೊದಲೇ 151.

ಈಗ ಮಾರುವ ಲೆಕ್ಕ. ನೋಟಿನ ಅಂಗಡಿಯವನು ಮಾರುಕಟ್ಟೆ ಬೆಲೆಯ ನೂರಕ್ಕೆ ಅರವತ್ತು ಕೊಟ್ಟರೆ ಅವನು ಒಳ್ಳೆಯವನು. ಅಂದರೆ ನೂರರ ನೋಟು ಇನ್ನೂರೈವತ್ತಕ್ಕೆ ಏರಿದ ದಿನ ನನ್ನ ಕೈಗೆ ನೂರೈವತ್ತು ಬರುತ್ತದೆ, ಹಾಕಿದ ಅಸಲು, ಅದೂ ಒಂದು ಡಾಲರ್ ಕಮ್ಮಿ. ಶೇ 7ರ ಠೇವಣಿ ಎರಡೂವರೆ ಪಟ್ಟಾಗಲು ಹದಿಮೂರು ವರ್ಷ ದಾಟಬೇಕು ನಿಜ. ಆದರೆ ಆ ದಿನ ಠೇವಣಿಯವನಿಗೆ, ತೆರಿಗೆ ಬಿಟ್ಟರೆ, ಎರಡೂವರೆ ಪಟ್ಟೇ ಸಿಗುತ್ತದೆ. ಆದ್ದರಿಂದ ಮನೆಯ ಲೆಕ್ಕದ ಪುಸ್ತಕದಲ್ಲಿ ಇದನ್ನು ನಾನು ಬರೆಯುವುದು ಪ್ರವಾಸ, ಸಂಗೀತ ಕಛೇರಿಗಳ ಸಾಲಿನಲ್ಲಿ. ‘ಚಿನ್ನದ ಹಾಗೆ ಇದೂ ಏರುತ್ತದೆ’ ಎಂದು ಹೇಳುವ ಸಂಗ್ರಾಹಕ ಮಿತ್ರರಿದ್ದಾರೆ. ಚಿನ್ನಕ್ಕೆ ಊರಿಗೊಬ್ಬ ಗಿರಾಕಿಯಲ್ಲ, ಬೀದಿಗೊಬ್ಬ. ಬಾರ್ಬಡೋಸಿನ ಮಾದರಿ ನೋಟಿಗೆ ಇಡೀ ಕರ್ನಾಟಕದಲ್ಲಿ ಎಷ್ಟು ಜನ?

ಹಾಗಾದರೆ ಯಾಕೆ ಕೊಳ್ಳುತ್ತೀರಿ ಎಂದರೆ ನನ್ನ ಉತ್ತರ ಐದು ಡಾಲರಿನ ಹಸಿರು ನೋಟು. ಅದರ ಮೇಲಿರುವುದು ಫ್ರಾಂಕ್ ವೊರೆಲ್. ರಾಜರಾಣಿಯರಿಗೆ ಮೀಸಲಾದ ಜಾಗದಲ್ಲಿ ಒಬ್ಬ ಕ್ರಿಕೆಟಿಗ! 1962ರಲ್ಲಿ ಅದೇ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತ್ ಎಸೆತ ತಲೆಗೆ ಬಡಿದು ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ಸಾವು ಬದುಕಿನ ನಡುವೆ ಮಲಗಿದ್ದಾಗ ರಕ್ತ ಕೊಡಲು ಮುಂದಾದವರಲ್ಲಿ ವೆಸ್ಟ್ ಇಂಡೀಸ್ ತಂಡದ ನಾಯಕ ವೊರೆಲ್ ಇದ್ದರು. ಐದೇ ವರ್ಷಕ್ಕೆ, 42ರ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿಗೆ ತಾವೇ ತೀರಿಕೊಂಡರು. ಕೋಲ್ಕತ್ತದಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ಇಂದಿಗೂ ಪ್ರತಿ ಫೆಬ್ರವರಿ 3ರಂದು ಅವರ ಹೆಸರಿನಲ್ಲಿ ರಕ್ತದಾನ ಶಿಬಿರ ನಡೆಸುತ್ತದೆ. ಈ ನೋಟಿನ ಮಾದರಿಗೆ ನಾನು ನ್ಯಾಯವಾದ ಬೆಲೆಗಿಂತ ಸ್ವಲ್ಪ ಜಾಸ್ತಿಯೇ ಕೊಟ್ಟೆ, ಗೊತ್ತಿದ್ದೇ ಕೊಟ್ಟೆ.

2022ರ ಡಿಸೆಂಬರಿನಲ್ಲಿ ಬಾರ್ಬಡೋಸ್ ಪಾಲಿಮರ್ ನೋಟಿಗೆ ಬದಲಾಯಿತು. ‘ಕಾಗದದ್ದು ಇನ್ನು ಸಿಗೋದಿಲ್ಲ’ ಎಂದು ಮಾರುವವರು ಬೆಲೆ ಏರಿಸಲು ನೋಡಿದರು. ಹಳೆಯ ಕಾಗದದ ನೋಟುಗಳಿಗೆ ಅಲ್ಲಿನ ಕೇಂದ್ರ ಬ್ಯಾಂಕು ಮಾನ್ಯತೆ ಉಳಿಸಿದೆ, ಹಾಗಾಗಿ ನಾನು ಅವಸರ ಮಾಡುತ್ತಿಲ್ಲ. ಕಬ್ಬಿನ ತಳಿ ವಿಜ್ಞಾನಿ ಜಾನ್ ರೆಡ್‌ಮನ್ ಬೋವೆಲ್ ಇರುವ ಎರಡು ಡಾಲರಿನ ಮಾದರಿಗೆ ಒಂದು ಮಿತಿ ಬರೆದಿಟ್ಟಿದ್ದೇನೆ. ಕೂಗು ಅದನ್ನು ದಾಟಿದರೆ ಫೋನು ಕೆಳಗಿಡುತ್ತೇನೆ.

ಕೊಂಡದ್ದನ್ನು ಪಿವಿಸಿ ತೊಟ್ಟೆಯಲ್ಲಿಟ್ಟರೆ ಮಳೆಗಾಲ ಕಳೆಯುವಷ್ಟರಲ್ಲಿ ನೋಟು ಅಂಟಂಟಾದೀತು, ಪಾಲಿಯೆಸ್ಟರ್ ಲಕೋಟೆಯೇ ಬೇಕು. ಆಲ್ಬಮ್ಮಿನ ಮೊದಲ ಪುಟದಲ್ಲಿ ಮಗಳಿಗೆಂದು ಒಂದು ಹಾಳೆ ಇಟ್ಟಿದ್ದೇನೆ: ಪ್ರತಿ ನೋಟಿನ ಕ್ಯಾಟಲಾಗ್ ನಂಬರು, ಎಲ್ಲಾ ಖರ್ಚು ಸೇರಿ ಕೊಟ್ಟ ಹಣ, ಇಂಥದ್ದನ್ನು ಕೊಳ್ಳುವ ವ್ಯಾಪಾರಿಗಳ ಹೆಸರು. ಕೆಳಗೆ ಪೆನ್ನಿನಲ್ಲಿ, ‘ಅರವತ್ತಕ್ಕಿಂತ ಕಮ್ಮಿ ಕೇಳಿದರೆ ಇನ್ನೊಬ್ಬರನ್ನು ವಿಚಾರಿಸು’ ಎಂದು ಬರೆದಿದ್ದೇನೆ. ಅವಳು ಓದಿ, ‘ಅಪ್ಪಾ, ವೊರೆಲ್ ಒಬ್ಬನನ್ನ ನಾನೇ ಇಟ್ಕೋತೀನಿ’ ಅಂದಳು.